ಹಿರಿಯ ಜೀವ ಮನೆಗೆ ಮರಳಿದಾಗ: ಕೃತಜ್ಞತೆಯೆಂಬ ಕಾಯಕ

ಮನೆಯ ಹಿರಿಯರೊಬ್ಬರು ಕಠಿಣ ಕಾಯಿಲೆಯಿಂದ ಪಾರಾದರೆಂದರೆ ಆ ಕುಟುಂಬ ಮೊದಲು ನೆನೆಯುವುದು ಮಠವನ್ನು. ಕರ್ತೃ ಗದ್ದುಗೆಗೆ ನಮಸ್ಕರಿಸಿ, ದಾಸೋಹಕ್ಕೆ ಅಕ್ಕಿ ಬೇಳೆ ಒಪ್ಪಿಸಿ, ಪೂಜ್ಯರ ಆಶೀರ್ವಾದ ಪಡೆದು ಹೋಗುವವರನ್ನು ಭಕ್ತರಾದ ನಾವೆಲ್ಲರೂ ಕಂಡಿದ್ದೇವೆ. ಆ ಭಾವ ಪವಿತ್ರವಾದುದು. ಅದರ ಜೊತೆಗೆ ಇನ್ನೊಂದು ಸಂಗತಿಯನ್ನೂ ಅರಿತಿರಬೇಕು. ಆಸ್ಪತ್ರೆಯಿಂದ ಬಿಡುಗಡೆಯಾದ ದಿನ ಪ್ರಾಣಾಪಾಯ ಕಳೆದಿರುತ್ತದೆ. ಚೇತರಿಕೆ ಆಗಷ್ಟೇ ಆರಂಭವಾಗಿರುತ್ತದೆ. ಹಿರಿಯರು ಮತ್ತೆ ತಮ್ಮ ಕಾಲ ಮೇಲೆ ನಡೆಯುವರೋ, ಹಾಸಿಗೆ ಹಿಡಿಯುವರೋ ಎಂಬುದು ಮುಂದಿನ ಎರಡು ಮೂರು ತಿಂಗಳ ಆರೈಕೆಯನ್ನು ಬಹುಮಟ್ಟಿಗೆ ಅವಲಂಬಿಸಿರುತ್ತದೆ. ಆ ದಿನಗಳಲ್ಲಿ ಕೃತಜ್ಞತೆಯು ಕಾಯಕವಾಗಬೇಕು. ಧಾರವಾಡ ಸೀಮೆಯ ಒಂದು ಒಕ್ಕಲುತನದ ಮನೆತನ ಇದನ್ನು ಹೇಗೆ ಕಂಡುಕೊಂಡಿತೆಂಬುದನ್ನು ಇಲ್ಲಿ ನಿವೇದಿಸಲಾಗಿದೆ. ಹೆಸರುಗಳನ್ನು ಕೊಟ್ಟಿಲ್ಲ.

‘ವಯಸ್ಸಾಯಿತು’ ಎಂಬ ಮಾತು

ಆ ತಾಯಿಗೆ 78 ವರ್ಷ. ಇಬ್ಬರು ಗಂಡುಮಕ್ಕಳು, ಸೊಸೆಯರು, ಮೊಮ್ಮಕ್ಕಳಿಂದ ತುಂಬಿದ ಮನೆ. ಬೆಳಗಿನ ಜಾವ ಎದ್ದು, ಮಿಂದು, ಲಿಂಗಪೂಜೆ ಮುಗಿಸಿದ ಮೇಲೆಯೇ ಅವರು ಬಾಯಿಗೆ ನೀರು ಹಾಕುತ್ತಿದ್ದರು. ಒಂದು ದಿನ ಅವರು ಪೂಜೆಗೆ ಏಳಲಿಲ್ಲ. ಮೈ ಬಿಸಿಯಾಗಿರಲಿಲ್ಲ, ಕೆಮ್ಮು ಹೇಳಿಕೊಳ್ಳುವಷ್ಟು ಇರಲಿಲ್ಲ. ಹಿಂದಿನ ರಾತ್ರಿ ಅರ್ಧ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟಿದ್ದರು. ಹಿರಿಯ ಸೊಸೆ ಎಬ್ಬಿಸಲು ಹೋದಾಗ, ಎಂದೋ ತೀರಿಹೋದ ತಮ್ಮ ತಂಗಿಯ ಹೆಸರು ಹಿಡಿದು ಆಕೆಯನ್ನು ಕರೆದರು. ಮನೆಯವರು, ‘ವಯಸ್ಸಾತು, ಮರವು ಬಂದೈತಿ, ನಾಳೆ ನೋಡೂಣು’ ಎಂದರು. ಸೊಸೆ ಒಪ್ಪಲಿಲ್ಲ. ‘ನಿನ್ನೆ ತನಕಾ ಅತ್ತಿ ಎಲ್ಲಾ ನೆನಪಿಟ್ಟಿದ್ರು. ಒಂದ ರಾತ್ರ್ಯಾಗ ಯಾರಿಗೂ ವಯಸ್ಸಾಗೂದಿಲ್ರಿ’ ಎಂದು ಹಟ ಹಿಡಿದು ವಾಹನ ತರಿಸಿದರು.

ತಾಲ್ಲೂಕು ಕೇಂದ್ರದ ಆಸ್ಪತ್ರೆಯಲ್ಲಿ ನೋಡಿದಾಗ ರಕ್ತದಲ್ಲಿ ಆಮ್ಲಜನಕದ ಪ್ರಮಾಣ ಶೇ 84ಕ್ಕೆ ಇಳಿದಿತ್ತು. ರಕ್ತದೊತ್ತಡ ಕುಸಿದಿತ್ತು. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗದಲ್ಲಿ ನ್ಯುಮೋನಿಯಾ ಕಂಡಿತು. ಆಮ್ಲಜನಕ ಹಚ್ಚಿ, ಮೊದಲ ಆ್ಯಂಟಿಬಯೊಟಿಕ್ ಚುಚ್ಚುಮದ್ದನ್ನು ಅಲ್ಲಿಯೇ ಕೊಟ್ಟು, ಆಂಬ್ಯುಲೆನ್ಸಿನಲ್ಲಿ ಹುಬ್ಬಳ್ಳಿಗೆ ಕಳಿಸಿದರು.

ಇಳಿವಯಸ್ಸಿನಲ್ಲಿ ಸೋಂಕು ಹೀಗೆಯೇ ವೇಷ ಮರೆಸಿಕೊಂಡು ಬರುವುದುಂಟು. ಯುವಕರಿಗೆ ಜ್ವರ, ಚಳಿ, ಕಫ ಕಾಣಿಸಿಕೊಂಡರೆ, ವೃದ್ಧರಲ್ಲಿ ಮೊದಲ ಲಕ್ಷಣ ದಿಢೀರ್ ಗೊಂದಲ, ಮಂಪರು, ಊಟ ಬಿಡುವುದು, ನಡೆಯುವಾಗ ಬೀಳುವುದು ಇಷ್ಟೇ ಆಗಿರಬಹುದು. ಮರೆವಿನ ಕಾಯಿಲೆ ತಿಂಗಳು ವರ್ಷಗಳಲ್ಲಿ ಮೆಲ್ಲನೆ ಬರುತ್ತದೆ. ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಬಂದ ಗೊಂದಲಕ್ಕೆ ಬೇರೆ ಕಾರಣವಿರುತ್ತದೆ, ಅದನ್ನು ಅಂದೇ ಹುಡುಕಬೇಕು. ಮನೆಯವರು ಮಾಡಬಹುದಾದ ಸರಳ ಪರೀಕ್ಷೆಯೊಂದಿದೆ. ಹಿರಿಯರು ಸುಮ್ಮನೆ ಮಲಗಿರುವಾಗ ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿರಿ. ವಯಸ್ಕರಿಗೆ 12ರಿಂದ 20 ಸಹಜ. 24ನ್ನು ಮೀರಿದರೆ ವೈದ್ಯರಿಗೆ ತೋರಿಸಬೇಕು. 30ನ್ನು ಮುಟ್ಟಿದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು. ಬೆರಳಿಗೆ ಹಚ್ಚುವ ಪಲ್ಸ್ ಆಕ್ಸಿಮೀಟರ್ 90ಕ್ಕಿಂತ ಕಡಿಮೆ ತೋರಿಸಿದರೂ ಅದು ತುರ್ತು ಸಂದರ್ಭವೇ.

ಸೋಂಕಿಗೆ ದೇಹ ತೋರುವ ಪ್ರತಿಕ್ರಿಯೆ ಹತೋಟಿ ಮೀರಿ ಮೂತ್ರಪಿಂಡ, ಹೃದಯ, ಮಿದುಳಿನಂಥ ಅಂಗಗಳಿಗೇ ಹಾನಿ ಮಾಡತೊಡಗಿದರೆ ಅದನ್ನು ಸೆಪ್ಸಿಸ್ ಎನ್ನುತ್ತಾರೆ. ಈ ತಾಯಿಯಲ್ಲಿ ಅದು ಆರಂಭವಾಗಿತ್ತು. ಅಲ್ಲಿ ಪ್ರತಿ ಗಂಟೆಗೂ ಬೆಲೆಯಿದೆ. ‘ನಾಳೆ ನೋಡೋಣ’ ಎಂದಿದ್ದರೆ ಏನಾಗುತ್ತಿತ್ತೆಂಬುದನ್ನು ಆ ಮನೆಯವರು ಇಂದಿಗೂ ಬಾಯಿಬಿಟ್ಟು ಹೇಳಲಾರರು.

ಆಸ್ಪತ್ರೆಯ ಹದಿಮೂರು ದಿನಗಳು

ಎರಡನೆಯ ದಿನ ತುಸು ಎಚ್ಚರವಾದಾಗ ತಾಯಿ ಆಡಿದ ಮೊದಲ ಮಾತು, ‘ನನ್ನ ಸಲುವಾಗಿ ಹೊಲಾ ಒತ್ತಿ ಹಾಕಬ್ಯಾಡ್ರಿ’ ಎಂಬುದು. ಮಕ್ಕಳಲ್ಲೂ ಅಳುಕಿತ್ತು. ಈ ವಯಸ್ಸಿನಲ್ಲಿ ಇಷ್ಟೊಂದು ಯಂತ್ರಗಳ ನಡುವೆ ಅವರನ್ನು ನೋಯಿಸುತ್ತಿದ್ದೇವೆಯೇ ಎಂಬ ಪ್ರಶ್ನೆಯನ್ನು ವೈದ್ಯರ ಮುಂದಿಟ್ಟರು. ವೈದ್ಯರು ಮರಳಿ ಕೇಳಿದ್ದು ವಯಸ್ಸನ್ನಲ್ಲ. ಕಾಯಿಲೆಗೆ ಮುಂಚೆ ತಾವೇ ಸ್ನಾನ ಮಾಡುತ್ತಿದ್ದರೇ, ನಡೆಯುತ್ತಿದ್ದರೇ, ಮನೆಯ ಲೆಕ್ಕಾಚಾರ ತಿಳಿಯುತ್ತಿತ್ತೇ ಎಂದು ವಿಚಾರಿಸಿದರು. ಎಲ್ಲಕ್ಕೂ ‘ಹೌದು’ ಎಂಬ ಉತ್ತರ ಬಂದಾಗ ಚಿಕಿತ್ಸೆ ಮುಂದುವರಿಸುವುದು ಯೋಗ್ಯವೆಂದರು. ಇದು ಎಲ್ಲ ಕುಟುಂಬಗಳೂ ನೆನಪಿಡಬೇಕಾದ ಮಾತು. ವೃದ್ಧರು ಚೇತರಿಸಿಕೊಳ್ಳುವರೇ ಎಂಬುದನ್ನು ಜನ್ಮವರ್ಷಕ್ಕಿಂತ ಅವರ ಹಿಂದಿನ ದೇಹಶಕ್ತಿ ಹೆಚ್ಚು ನಿಖರವಾಗಿ ತಿಳಿಸುತ್ತದೆ. ಗುಣವಾಗದ ಸ್ಥಿತಿ ತಲುಪಿದವರಿಗೆ ನೋವಿಲ್ಲದಂತೆ ನೋಡಿಕೊಳ್ಳುವುದೇ ಧರ್ಮವಾಗಬಹುದು. ಆದರೆ ಆ ನಿರ್ಧಾರ ವೈದ್ಯರೊಡನೆ ಕುಳಿತು, ಹಿರಿಯರ ಇಚ್ಛೆಯನ್ನೂ ಕೇಳಿ ಆಗಬೇಕು.

ಮೂರನೆಯ ರಾತ್ರಿ ತಾಯಿ ಮೂಗಿನ ನಳಿಕೆ ಕಿತ್ತೊಗೆದರು. ವಾರ್ಡಿನೊಳಗೆ ಎತ್ತುಗಳು ನುಗ್ಗಿವೆ ಎಂದು ಕೂಗಿದರು. ನಮ್ಮ ಹಿರಿಯರು ಇದನ್ನು ‘ಸನ್ನಿ’ ಎನ್ನುತ್ತಿದ್ದರು. ವೈದ್ಯರು ಡೆಲಿರಿಯಂ ಎನ್ನುತ್ತಾರೆ. ತೀವ್ರ ನಿಗಾ ಘಟಕದ ವೃದ್ಧರಲ್ಲಿ ಇದು ಅಪರೂಪವಲ್ಲ. ಇದು ಹುಚ್ಚಲ್ಲ, ಯಾವ ದೋಷದ ಫಲವೂ ಅಲ್ಲ. ಬಹುತೇಕರಲ್ಲಿ ಕಾಯಿಲೆ ಇಳಿದಂತೆ ತಾನೂ ಇಳಿಯುತ್ತದೆ. ರಾತ್ರಿ ಪಾಳಿಯ ನರ್ಸ್ ಸೊಸೆಗೆ ತಿಳಿಸಿದ ಉಪಾಯಗಳು ಸರಳವಾಗಿದ್ದವು: ಕನ್ನಡಕ ಹಾಕಿಸಿರಿ, ಕಿವಿಯ ಯಂತ್ರವಿದ್ದರೆ ತನ್ನಿರಿ, ಇಂದು ಯಾವ ವಾರ ಎಂದು ಪದೇ ಪದೇ ಹೇಳಿರಿ, ಪರಿಚಿತ ದನಿಯೊಂದು ಹತ್ತಿರವಿರಲಿ, ಹಗಲಿನಲ್ಲಿ ಬೆಳಕು, ರಾತ್ರಿ ಕತ್ತಲೆ ಇರಲಿ.

ಆ ನರ್ಸ್ ಇನ್ನೂ ಒಂದು ಉಪಕಾರ ಮಾಡಿದರು. ದಾಖಲಾಗುವಾಗ ಕೊರಳಿನ ಕರಡಿಗೆಯನ್ನು ತೆಗೆದು ಮನೆಯವರ ಕೈಗೆ ಕೊಟ್ಟಿದ್ದರು. ಎದೆ ತಡವಿಕೊಂಡು ಲಿಂಗ ಕಾಣದೆ ತಾಯಿ ಕಳವಳಗೊಳ್ಳುವುದನ್ನು ಕಂಡ ಅವರು, ವೈದ್ಯರ ಅನುಮತಿ ಪಡೆದು, ಇಷ್ಟಲಿಂಗವನ್ನು ಶುಭ್ರ ವಸ್ತ್ರದಲ್ಲಿ ಕಟ್ಟಿ ಅಂಗೈಯಲ್ಲಿ ಇರಿಸಿದರು. ಆ ರಾತ್ರಿ ತಾಯಿ ನಿದ್ರಿಸಿದರು. ಭಕ್ತರು ದಾಖಲಾಗುವಾಗಲೇ ಈ ವಿಷಯವನ್ನು ಸಿಬ್ಬಂದಿಗೆ ವಿನಯದಿಂದ ತಿಳಿಸುವುದು ಒಳಿತು. ಎಂ.ಆರ್.ಐ. ಕೊಠಡಿಯೊಳಗೆ ಲೋಹದ ವಸ್ತುಗಳಿಗೆ ಅವಕಾಶವಿಲ್ಲ. ಬೆಳ್ಳಿಯ ಕರಡಿಗೆಯನ್ನು ಆಗ ಮನೆಯವರೇ ಇಟ್ಟುಕೊಳ್ಳಬೇಕು.

ಮುಂದೂಡಿದ ಪ್ರಸಾದ

ಹದಿಮೂರನೆಯ ದಿನ ತಾಯಿ ಮನೆಗೆ ಬಂದರು. ಅದೇ ವಾರ ಊರಿಗೆಲ್ಲ ಪ್ರಸಾದ ಮಾಡಿಸಬೇಕೆಂದು ಹಿರಿಯ ಮಗ ಸಿದ್ಧತೆ ನಡೆಸಿದ್ದರು. ಆದರೆ ತಾಯಿಗೆ ಕುರ್ಚಿಯಿಂದ ತಾವಾಗಿ ಏಳಲಾಗುತ್ತಿರಲಿಲ್ಲ. ಆರೋಗ್ಯವಂತ ವೃದ್ಧರೇ 10 ದಿನ ಹಾಸಿಗೆಯಲ್ಲಿ ಮಲಗಿದರೆ ಕಾಲುಗಳ ಮಾಂಸಖಂಡ ಸುಮಾರು 1 ಕಿಲೋಗ್ರಾಂ ಕರಗುತ್ತದೆಂದು ಅಧ್ಯಯನದಿಂದ ತಿಳಿದುಬಂದಿದೆ. ಕಾಯಿಲೆಯವರಲ್ಲಿ ನಷ್ಟ ಇನ್ನೂ ಹೆಚ್ಚು. ಕೆಲವು ವಾರ ಜನಸಂದಣಿ ಬೇಡವೆಂದು ವೈದ್ಯರೂ ಹೇಳಿದ್ದರು. ಕುಟುಂಬ ಕೂಡಿ ಆಲೋಚಿಸಿ ಪ್ರಸಾದವನ್ನು ಮೂರು ತಿಂಗಳು ಮುಂದೂಡಿತು. ಅಲ್ಲಿಯ ತನಕ ತಾಯಿಯ ಆರೈಕೆಯೇ ದಾಸೋಹವೆಂದು ನಿಶ್ಚಯಿಸಿತು.

ಆಹಾರದಿಂದ ಆರಂಭವಾಯಿತು. ಕಾಯಿಲೆಯಿಂದ ಎದ್ದ ವೃದ್ಧರಿಗೆ ದೇಹತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 50 ಕಿಲೋ ತೂಕದವರಿಗೆ 60ರಿಂದ 75 ಗ್ರಾಂ. ತಿಳಿಗಂಜಿ, ಬಿಸ್ಕತ್ತು, ಹಣ್ಣಿನ ರಸದಿಂದ ಇದು ಬಾರದು. ಒಂದು ಲೋಟ ಹಾಲಿನಲ್ಲಿ 6 ಗ್ರಾಂ, ಒಂದು ಹಿಡಿ ಶೇಂಗಾದಲ್ಲಿ 7 ಗ್ರಾಂ, 30 ಗ್ರಾಂ ಬೇಳೆಯಲ್ಲಿ ಸುಮಾರು 7 ಗ್ರಾಂ ದೊರೆಯುತ್ತದೆ. ಹೆಸರುಬೇಳೆಯ ಗಟ್ಟಿ ತೊವ್ವೆ, ಮೊಸರು, ಹಾಲಿನಲ್ಲಿ ಕಲಸಿದ ಹುರಿಗಡಲೆ ಹಿಟ್ಟು, ಸಣ್ಣಗೆ ಕುಟ್ಟಿದ ಶೇಂಗಾ ಹಿಂಡಿ ಹೀಗೆ ದಿನಕ್ಕೆ ಆರು ಬಾರಿ ಸ್ವಲ್ಪ ಸ್ವಲ್ಪ ಕೊಟ್ಟರು. ಮೂತ್ರಪಿಂಡದ ತೊಂದರೆಯಿರುವವರು ಮಾತ್ರ ವೈದ್ಯರನ್ನು ಕೇಳಿಯೇ ಪ್ರಮಾಣ ಹೆಚ್ಚಿಸಬೇಕು.

ಮಲಗಿಸಿ ಉಣಿಸುವುದನ್ನು ಸಂಪೂರ್ಣ ನಿಲ್ಲಿಸಿದರು. ತುತ್ತು ದಾರಿ ತಪ್ಪಿ ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ ಮರುಕಳಿಸುತ್ತದೆ. ಊಟದ ವೇಳೆ ನೆಟ್ಟಗೆ ಕೂರಿಸಬೇಕು, ಮುಗಿದ ಮೇಲೂ ಅರ್ಧ ಗಂಟೆ ಮಲಗಿಸಬಾರದು. ದಿನಕ್ಕೆರಡು ಬಾರಿ ಹಲ್ಲು, ನಾಲಿಗೆ, ಕಟ್ಟಿಸಿಕೊಂಡ ಹಲ್ಲಿನ ಸೆಟ್ಟನ್ನು ಶುಚಿಮಾಡುವುದರಿಂದ ಬಾಯಿಯ ರೋಗಾಣುಗಳು ಎದೆಗಿಳಿಯುವುದು ಕಡಿಮೆಯಾಗುತ್ತದೆ. ಮಲಗಿದ್ದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಹಿಮ್ಮಡಿ, ಸೊಂಟ, ಬೆನ್ನು ಕೆಂಪಾಗಿವೆಯೇ ಎಂದು ನೋಡುತ್ತಿದ್ದರು. ಹೊಸ ಔಷಧಿಚೀಟಿಯನ್ನು ಹಳೆಯದರೊಂದಿಗೆ ಹೋಲಿಸಿ, ಯಾವ ಮಾತ್ರೆ ನಿಲ್ಲಿಸಬೇಕು, ಯಾವುದು ಮುಂದುವರಿಯಬೇಕು ಎಂದು ವೈದ್ಯರಿಂದ ಬರೆಸಿಕೊಂಡರು.

ಮನೆಯಲ್ಲಿ ಎರಡು ವಾರ ಆಮ್ಲಜನಕದ ಯಂತ್ರವಿತ್ತು. ಬಂದವರು ಆರತಿ ಬೆಳಗಲು, ಲೋಬಾನ ಹಾಕಲು ಮುಂದಾದಾಗ ಮೊಮ್ಮಗಳು ತಡೆದಳು. ಆಮ್ಲಜನಕವಿರುವೆಡೆ ಬೆಂಕಿ ಬಲುಬೇಗ ಹಬ್ಬುತ್ತದೆ. ದೀಪ, ಊದುಬತ್ತಿ, ಕರ್ಪೂರ, ಒಲೆ ಎಲ್ಲವೂ ಕನಿಷ್ಠ 3 ಮೀಟರ್ ದೂರವಿರಬೇಕು. ಹೊಗೆಯಂತೂ ಸೋತ ಶ್ವಾಸಕೋಶಕ್ಕೆ ಶತ್ರುವೇ.

ಮೊದಲ ವಾರ ಹಾಸಿಗೆಯಂಚಿನಲ್ಲಿ ಕೂರುವುದು, ಎರಡನೆಯ ವಾರ ಇಬ್ಬರ ಆಸರೆಯಲ್ಲಿ ಐದು ಸಲ ಎದ್ದು ಕೂರುವುದು, ನಾಲ್ಕನೆಯ ವಾರ ಕೋಲು ಹಿಡಿದು ಪಡಸಾಲೆ ದಾಟುವುದು ಹೀಗೆ ಶಕ್ತಿ ಮರಳಿತು. ನಡುವೆ ಎರಡು ದಿನ ತಾಯಿ ಗೋಡೆಗೆ ಮುಖ ಮಾಡಿ ಮಾತೇ ಆಡಲಿಲ್ಲ. ದೊಡ್ಡ ಕಾಯಿಲೆಯ ನಂತರ ಮನಸ್ಸು ಕುಗ್ಗುವುದೂ ಚೇತರಿಕೆಯ ಒಂದು ಘಟ್ಟ. ಅದು ವಾರಗಟ್ಟಲೆ ಮುಂದುವರಿದರೆ ವೈದ್ಯರಿಗೆ ತಿಳಿಸಲೇಬೇಕು.

ಮೊದಲ ಋಣ ಯಾರದು?

ಮೂರನೆಯ ವಾರದಲ್ಲಿ ಹಿರಿಯ ಸೊಸೆ ಬಚ್ಚಲ ಮನೆಯಲ್ಲಿ ತಲೆ ಸುತ್ತಿ ಕುಸಿದರು. ಆಸ್ಪತ್ರೆಯ ಹದಿಮೂರು ರಾತ್ರಿ ಹಾಗೂ ಮನೆಯ ಇಪ್ಪತ್ತು ರಾತ್ರಿ ಅವರು ನೆಟ್ಟಗೆ ಮಲಗಿರಲಿಲ್ಲವೆಂಬುದು ಅಂದೇ ಎಲ್ಲರ ಅರಿವಿಗೆ ಬಂದದ್ದು. ದೇವರಿಗೆ, ಮಠಕ್ಕೆ, ವೈದ್ಯರಿಗೆ ಕೃತಜ್ಞತೆ ಸಲ್ಲಿಸಿದ್ದ ಕುಟುಂಬ, ತಾಯಿಯನ್ನು ಸಕಾಲಕ್ಕೆ ಆಸ್ಪತ್ರೆಗೆ ಸೇರಿಸಿದ ಆ ಹೆಣ್ಣುಮಗಳಿಗೆ ಒಂದು ಮಾತನ್ನೂ ಹೇಳಿರಲಿಲ್ಲ. ಆಕೆಯ ಸೇವೆ ಎಲ್ಲರ ಕಣ್ಣಿಗೆ ಮನೆಗೆಲಸವಾಗಿಯೇ ಕಂಡಿತ್ತು.

ಆ ಮಾತನ್ನು ಎತ್ತಿದವರು ತಾಯಿಯೇ. ಮಕ್ಕಳಿಬ್ಬರನ್ನೂ ಕರೆದು, ‘ನನ್ನ ಹಡದಾಕಿ ಒಮ್ಮೆ ಜೀವಾ ಕೊಟ್ಲು, ಈಕಿ ಇನ್ನೊಮ್ಮೆ ಕೊಟ್ಲು. ಈಕಿಗಿ ನಿದ್ದಿ ಕೊಡ್ರಿ’ ಎಂದರು. ಅಂದಿನಿಂದ ಪಾಳಿ ಏರ್ಪಟ್ಟಿತು. ರಾತ್ರಿ ಸರದಿಯನ್ನು ಗಂಡುಮಕ್ಕಳು ಹಂಚಿಕೊಂಡರು. ತಾಯಿಯ ತಲೆ ಬಾಚುವುದು, ಕಾಲು ಒತ್ತುವುದು, ಮಗ್ಗುಲು ಬದಲಿಸುವುದನ್ನು ಕಲಿತರು. ಸೊಸೆ ಎಂಟು ದಿನ ತವರಿಗೆ ಹೋಗಿ ಬಂದರು. ಕಾಯಕದಲ್ಲಿ ಗಂಡು ಹೆಣ್ಣೆಂಬ ಭೇದವನ್ನು ಒಪ್ಪದ ಶರಣರ ಪರಂಪರೆ ನಮ್ಮದು. ವೈದ್ಯ ಸಂಗಣ್ಣನವರು ಚಿಕಿತ್ಸೆಯನ್ನೇ ಕಾಯಕವಾಗಿ ಕೈಗೊಂಡ ಶರಣರು. ರೋಗಿಯ ಸೇವೆಯನ್ನು ಹೆಂಗಸರ ಪಾಲಿಗೆ ಬಿಟ್ಟು, ಕಾಣಿಕೆಯನ್ನು ಗಂಡಸರು ಅರ್ಪಿಸಿದರೆ ಆ ಕೃತಜ್ಞತೆ ಅರ್ಧವಾಗಿಯೇ ಉಳಿಯುತ್ತದೆ.

ಮೂರು ತಿಂಗಳ ನಂತರ ಪ್ರಸಾದ ನೆರವೇರಿತು. ತಾಯಿ ಸೊಸೆಯ ಕೈಹಿಡಿದು ಬಂದು, ಪಂಕ್ತಿಯಲ್ಲಿ ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಂಡರು. ಆ ರಾತ್ರಿ ಪಾಳಿಯ ನರ್ಸಿಗೂ, ವಾರ್ಡು ಗುಡಿಸುತ್ತಿದ್ದವರಿಗೂ, ಆಂಬ್ಯುಲೆನ್ಸ್ ಚಾಲಕರಿಗೂ ಆಮಂತ್ರಣ ಹೋಗಿತ್ತು.

ಓದುಗ ಭಕ್ತರಲ್ಲಿ ವಿನಂತಿ

ಹಿರಿಯರಿರುವ ಪ್ರತಿ ಮನೆಯವರೂ ಈ ತಿಂಗಳು ಮೂರು ಕೆಲಸ ಮಾಡಿರಿ. ಅವರು ಸೇವಿಸುವ ಎಲ್ಲ ಔಷಧಿಗಳನ್ನೂ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿರಿ. 65 ದಾಟಿದವರಿಗೆ ವರ್ಷಕ್ಕೊಮ್ಮೆ ಹಾಕಿಸುವ ಫ್ಲೂ ಲಸಿಕೆ ಹಾಗೂ ನ್ಯುಮೋಕಾಕಲ್ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿರಿ. ಹಿರಿಯರನ್ನು ಹಗಲಿರುಳು ನೋಡಿಕೊಳ್ಳುತ್ತಿರುವವರು ನಿಮ್ಮ ಮನೆಯಲ್ಲಿ ಯಾರೆಂದು ಗುರುತಿಸಿ, ವಾರಕ್ಕೊಂದು ರಾತ್ರಿಯಾದರೂ ಅವರ ಸರದಿಯನ್ನು ನೀವು ವಹಿಸಿಕೊಳ್ಳಿರಿ. ರೋಗಿಯನ್ನು ನೋಡಲು ಹೋಗುವವರು ಹತ್ತು ನಿಮಿಷಕ್ಕೆ ಎದ್ದು ಬರುವುದು, ನೆಗಡಿ ಕೆಮ್ಮಿದ್ದರೆ ಹೋಗದಿರುವುದು, ಬಿಸ್ಕತ್ತಿನ ಬದಲು ಹಾಲು ಒಯ್ಯುವುದು ಉಚಿತ. ವೃದ್ಧರಿಗೆ ಮಾರ್ಗದರ್ಶನ ನೀಡುವ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಉಚಿತವಾಗಿ ಕರೆ ಮಾಡಬಹುದು. ಇನ್ನು ಮುಂದೆ ಹಿರಿಯರೊಬ್ಬರು ಒಂದೇ ದಿನದಲ್ಲಿ ಬದಲಾಗಿ ಕಂಡರೆ, ‘ವಯಸ್ಸಾಯಿತು’ ಎಂಬ ಮಾತನ್ನು ನುಂಗಿಕೊಂಡು ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ.