ಹೊಲ ಹಸಿರು, ತೆನೆ ಬರಿದು

ಪಠ್ಯಪುಸ್ತಕದಲ್ಲಿ ಬರ ಎಂದರೆ ಬಿರುಕುಬಿಟ್ಟ ಕೆರೆಯಂಗಳದ ಚಿತ್ರ. ಅದನ್ನೇ ನೋಡಿ ಬೆಳೆದ ಮಕ್ಕಳನ್ನು 2023ರ ಸೆಪ್ಟೆಂಬರ್‌ನಲ್ಲಿ ಬಯಲುಸೀಮೆಯ ಮೆಕ್ಕೆಜೋಳದ ಹೊಲಕ್ಕೆ ಕರೆದೊಯ್ದಿದ್ದರೆ, ‘ಇಲ್ಲಿ ಬರ ಎಲ್ಲಿದೆ?’ ಎಂದು ಕೇಳುತ್ತಿದ್ದರು. ಎಷ್ಟೋ ಹೊಲ ಹಸಿರಾಗಿಯೇ ಇದ್ದವು. ಆದರೂ ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಅಧಿಕಾರಿಗಳು, ಸಚಿವರ ಬಾಯಲ್ಲಿ ‘ಹಸಿರು ಬರ’ ಎಂಬ ಮಾತು ಓಡಾಡಿತು.

ಆ ಸಾಲಿನ ಜೂನ್‌ನಲ್ಲಿ ಮುಂಗಾರು ಕೈಕೊಟ್ಟಿತು. ಜುಲೈನಲ್ಲಿ ವಾಡಿಕೆಗಿಂತ ಹೆಚ್ಚೇ ಸುರಿಯಿತು, ಅದನ್ನು ನಂಬಿ ರೈತರು ಬಿತ್ತಿದರು. ಪೆಸಿಫಿಕ್ ಸಾಗರದಲ್ಲಿ ಎಲ್ ನಿನೊ ಬಲಿಯುತ್ತಿದ್ದ ಆಗಸ್ಟ್‌ನಲ್ಲಿ ರಾಜ್ಯದ ಮಳೆ ಕೊರತೆ ಶೇ 70 ದಾಟಿತು. ಇಡೀ ದೇಶವೇ 1901ರಿಂದೀಚೆಗೆ ಅಷ್ಟು ಒಣ ಆಗಸ್ಟ್ ಕಂಡಿರಲಿಲ್ಲ.

ಬೆಳೆಗೆ ಏನಾಯಿತೆಂದು ತಿಳಿಯಲು ಒಂದು ತೆನೆ ಸುಲಿದರೆ ಸಾಕು. ಮೆಕ್ಕೆಜೋಳದ ತೆನೆಯ ತುದಿಯಲ್ಲಿ ಜೋತಾಡುವ ರೇಷ್ಮೆಯಂಥ ಒಂದೊಂದು ಎಳೆಯೂ ಒಂದೊಂದು ಕಾಳಿನ ಬುಡಕ್ಕೆ ಹೋಗಿ ಸೇರುತ್ತದೆ. ಸೂಲಂಗಿಯಿಂದ ಉದುರಿದ ಪರಾಗ ಎಳೆಯ ಮೇಲೆ ಬಿದ್ದು, ಅದರೊಳಗಿಂದ ಕೆಳಗಿಳಿದರೆ ಮಾತ್ರ ಕಾಳು. ಆ ಕೆಲವೇ ದಿನಗಳಲ್ಲಿ ತೇವ ಸಾಲದಿದ್ದರೆ ಎಳೆ ತಡವಾಗಿ ಹೊರಬರುತ್ತದೆ, ಇಲ್ಲವೇ ಒಣಗುತ್ತದೆ. ಪರಾಗದ ಕಾಲ ಮುಗಿದಿರುತ್ತದೆ. ಆಮೇಲೆ ಮಳೆ ಬಂದರೆ ಎಲೆ ಚೇತರಿಸಿಕೊಳ್ಳಬಹುದು, ಖಾಲಿ ಗುಳಿ ಮಾತ್ರ ತುಂಬುವುದಿಲ್ಲ. ಶೇಂಗಾದ್ದೂ ಹೀಗೇ: ನೆಲ ಗಟ್ಟಿಯಾದರೆ ಕಾಯಿ ಕಟ್ಟಬೇಕಾದ ಊಡು ಮಣ್ಣಿಗಿಳಿಯದು.

ಉಪಗ್ರಹಕ್ಕೆ ಇದು ಕಾಣುವುದಿಲ್ಲ. ಎಲೆಯ ಪತ್ರಹರಿತ್ತು ಕೆಂಪು ಬೆಳಕನ್ನು ಹೀರುತ್ತದೆ, ಎಲೆಯ ಒಳರಚನೆ ಅವಕೆಂಪನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಇವೆರಡರ ವ್ಯತ್ಯಾಸದಿಂದ ಉಪಗ್ರಹ ಹಸಿರನ್ನು ಅಳೆಯುತ್ತದೆ. ಲಕ್ಷಾಂತರ ಎಕರೆಯನ್ನು ಒಮ್ಮೆಗೇ ನೋಡಬಲ್ಲ ಈ ವಿಧಾನ ನಿಜಕ್ಕೂ ಅದ್ಭುತ. ಆದರೆ ಕಾಳು ಕಟ್ಟದ ದಂಟೂ ಹಸಿರು, ಕಳೆಯೂ ಹಸಿರು, ಬರಕ್ಕೆ ಜಗ್ಗದ ಬಳ್ಳಾರಿ ಜಾಲಿಯೂ ಹಸಿರು. ಉಪಗ್ರಹ ಹೇಳಿದ ಮೇಲೆ ಮುಗಿಯಿತು ಎನ್ನುವವರು ಇದನ್ನು ಮರೆಯುತ್ತಾರೆ.

ಕೇಂದ್ರದ ಬರ ನಿರ್ವಹಣಾ ಕೈಪಿಡಿ ಮರೆತಿಲ್ಲ. ಮಳೆ, ಒಣಹವೆಯ ಅವಧಿ, ಮಣ್ಣಿನ ತೇವ, ಅಂತರ್ಜಲ ಎಲ್ಲವನ್ನೂ ನೋಡಿದ ಮೇಲೂ ಹೊಲಕ್ಕೇ ಹೋಗಿ ಬೆಳೆ ಪರಿಶೀಲಿಸಬೇಕು ಎನ್ನುತ್ತದೆ. ಹಾನಿ ಶೇ 33 ದಾಟಿದರೆ ಮಧ್ಯಮ ಬರ, ಶೇ 50 ದಾಟಿದರೆ ತೀವ್ರ.

ಈ ಪರಿಶೀಲನೆಯನ್ನು ಪ್ರೌಢಶಾಲೆಯ ಮಕ್ಕಳೂ ಮಾಡಬಹುದು, ಮಾಡಲೇಬೇಕು. ಮಳೆಯ ಲೆಕ್ಕಕ್ಕೆ ನಮ್ಮ ರಾಜ್ಯದಲ್ಲಿ ಕೊರತೆಯಿಲ್ಲ. 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದ ಈಗಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮಳೆಮಾಪಕಗಳನ್ನಿಟ್ಟಿದೆ. ಮಕ್ಕಳು ತಮ್ಮ ಹೋಬಳಿಯ ದಿನದಿನದ ಮಳೆಯನ್ನು ಗ್ರಾಫ್ ಹಾಳೆಗಿಳಿಸಿ, ಊರಿನ ಹೊಲದಲ್ಲಿ ಬಿತ್ತಿದ ದಿನ, ಸೂಲಂಗಿ ಬಂದ ದಿನವನ್ನು ಅದರ ಮೇಲೇ ಗುರುತಿಸಲಿ. ಕೊಯ್ಲಿಗೆ ಬಂದಾಗ ಹತ್ತು ತೆನೆ ಸುಲಿದು, ತುಂಬಿದ ಕಾಳೆಷ್ಟು, ಖಾಲಿ ಗುಳಿಯೆಷ್ಟು ಎಂದು ಎಣಿಸಿ ಅದೇ ಹಾಳೆಯಲ್ಲಿ ಬರೆಯಲಿ.