ಡಿಫರೆನ್ಷಿಯಲ್ ಬಿಚ್ಚಿದರೆ ಸಿಗುವವರು

ಪಿಕಪ್ ಗಾಡಿಯ ಹಿಂದಿನ ಹೌಸಿಂಗಿನ ಡ್ರೈನ್ ನಟ್ ಸಡಿಲಿಸಿದಾಗ ಮೊದಲು ಬರುವುದು ವಾಸನೆ. ಕೊಳೆತ ಮೊಟ್ಟೆಯಂಥ ನಾತ, ಹಿಂದೆಯೇ ಕಪ್ಪಾದ ದಪ್ಪ ಎಣ್ಣೆ. ನಟ್ಟಿನ ತುದಿಯ ಅಯಸ್ಕಾಂತಕ್ಕೆ ಬೂದು ಬಣ್ಣದ ನಯವಾದ ಕೆಸರು ಅಂಟಿದ್ದರೆ ಮೆಕ್ಯಾನಿಕ್ ಅದನ್ನು ಬಟ್ಟೆಯಲ್ಲಿ ಒರೆಸಿ ಸುಮ್ಮನಾಗುತ್ತಾನೆ. ಅದು ಸಹಜ ಸವಕಳಿ. ಹಲ್ಲಿನ ಚೂರು ಸಿಕ್ಕಿತೋ, ಹೌಸಿಂಗ್ ಬಿಚ್ಚಲೇಬೇಕು. ಬಿಚ್ಚಿದರೆ ಒಳಗಿರುವುದು ಬೇರೆಬೇರೆ ಕಾಲದಲ್ಲಿ, ಬೇರೆಬೇರೆ ತಾಪತ್ರಯಕ್ಕೆ ಬೇರೆಬೇರೆಯವರು ಕಂಡುಕೊಂಡ ಉಪಾಯಗಳ ಗಂಟು. ಒಂದೊಂದು ಉಪಾಯವೂ ಕೆಡುವ ರೀತಿ ಬೇರೆ. ಹಾಗಾಗಿ ಯಾವುದು ಕೆಟ್ಟಿದೆ ಎಂದು ಹುಡುಕುವವನು, ತನಗೆ ಗೊತ್ತಿಲ್ಲದೆಯೇ, ಯಾರು ಏನು ಕಂಡುಹಿಡಿದರು ಎಂಬ ಕತೆಯನ್ನು ಹಿಂದುಮುಂದಾಗಿ ಓದುತ್ತಿರುತ್ತಾನೆ.

ಎತ್ತಿನ ಗಾಡಿಗೆ ಈ ತಾಪತ್ರಯ ಇರಲಿಲ್ಲ. ಅಚ್ಚು ನಿಂತಲ್ಲೇ ನಿಂತಿರುತ್ತದೆ, ಚಕ್ರಗಳು ಅದರ ಮೇಲೆ ತಮ್ಮ ಪಾಡಿಗೆ ತಾವು ಉರುಳುತ್ತವೆ, ಕಳಚದಂತೆ ಕಡಾಣಿ ಹಿಡಿದಿರುತ್ತದೆ. ಅಚ್ಚೇ ತಿರುಗಿ ಚಕ್ರವನ್ನು ತಿರುಗಿಸಬೇಕಾಗಿ ಬಂದಾಗ ಕಷ್ಟ ಶುರುವಾಯಿತು. ಎರಡು ಹಿಂಚಕ್ರಗಳ ನಡುವೆ 1.4 ಮೀಟರ್ ಅಂತರವಿದೆ ಎನ್ನಿ. ಗಾಡಿ 90 ಡಿಗ್ರಿ ತಿರುಗುವಷ್ಟರಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು 2.2 ಮೀಟರ್ ಹೆಚ್ಚು ಓಡಬೇಕು. ತಿರುವು ಕಿರಿದಾಗಿರಲಿ, ವಿಶಾಲವಾಗಿರಲಿ, ಈ ಲೆಕ್ಕ ಬದಲಾಗದು. ಎರಡನ್ನೂ ಒಂದೇ ಅಚ್ಚಿಗೆ ಬಿಗಿದರೆ ಯಾವುದಾದರೊಂದು ಚಕ್ರ ನೆಲ ಕೆರೆಯಬೇಕು, ಇಲ್ಲವೇ ಅಚ್ಚು ತಿರುಚಿಕೊಳ್ಳಬೇಕು. ರೈಲಿನವರು ಚಕ್ರದ ಮೈಯನ್ನೇ ತುಸು ಓರೆಯಾಗಿ ಕಡೆದು ಪಾರಾದರು. ರಸ್ತೆಯಲ್ಲಿ ಆ ಆಟ ನಡೆಯುವುದಿಲ್ಲ.

ರಸ್ತೆಗೆ ಬೇಕಾದ ಉಪಾಯ ಅದಾಗಲೇ ಗಡಿಯಾರದಲ್ಲಿತ್ತು. ಸೂರ್ಯ ನೆತ್ತಿಗೇರುವ ಹೊತ್ತಿಗೂ ಗಡಿಯಾರದ ಹನ್ನೆರಡಕ್ಕೂ ವರ್ಷದುದ್ದಕ್ಕೂ ತಾಳೆಯಾಗುವುದಿಲ್ಲ. ಕೆಲವು ದಿನ 16 ನಿಮಿಷದಷ್ಟು ಆಚೀಚೆ. 1720ರ ಸುಮಾರಿಗೆ ಇಂಗ್ಲೆಂಡಿನ ಗಡಿಯಾರಗಾರ ಜೋಸೆಫ್ ವಿಲಿಯಮ್ಸನ್, ಗಡಿಯಾರದ ಓಟಕ್ಕೆ ಈ ವ್ಯತ್ಯಾಸವನ್ನು ಹಲ್ಲುಚಕ್ರಗಳಲ್ಲೇ ಕೂಡಿಸಿ, ಮುಳ್ಳು ನೇರ ಸೂರ್ಯನ ಹೊತ್ತನ್ನೇ ತೋರುವಂತೆ ಮಾಡಿದ. ಅದಕ್ಕೂ ಎಷ್ಟೋ ಹಿಂದೆ ಚೀನಾದ ದಕ್ಷಿಣ ತೋರುವ ರಥದಲ್ಲಿ ಇದೇ ಗಿಯರು, ಅಂದರೆ ಡಿಫರೆನ್ಷಿಯಲ್, ಇತ್ತೆಂದು ಹೇಳುವವರಿದ್ದಾರೆ, ಅದು ಊಹೆ. ಗ್ರೀಸಿನ ಆಂಟಿಕಿಥೆರಾ ದ್ವೀಪದ ಬಳಿ ಕಡಲಡಿಯಲ್ಲಿ ಸಿಕ್ಕ ಯಂತ್ರದಲ್ಲೂ ಡಿಫರೆನ್ಷಿಯಲ್ ಇದೆಯೆಂದು ಡೆರೆಕ್ ಪ್ರೈಸ್ 1974ರಲ್ಲಿ ಬರೆದರು. ಆಮೇಲೆ ಮೈಕೆಲ್ ರೈಟ್ ಇನ್ನೂ ಒಳಹೊಕ್ಕು ಪರಿಶೀಲಿಸಿ ಅದನ್ನು ಅಲ್ಲಗಳೆದರು. ಹೀಗೆ ಒಮ್ಮೆ ಸಿಕ್ಕು, ಮತ್ತೆ ಕಳೆದುಹೋದ ಡಿಫರೆನ್ಷಿಯಲ್ ಅದೊಂದೇ ಇರಬೇಕು.

ಪ್ಯಾರಿಸ್ಸಿನ ಒನೆಸಿಫೋರ್ ಪೆಕ್ಯೂರ್ ಕೂಡ ಗಡಿಯಾರದ ಕೆಲಸ ಬಲ್ಲವನೇ. 1828ರಲ್ಲಿ ಅವನು ಪೇಟೆಂಟ್ ಪಡೆದ ಆವಿಗಾಡಿಯಲ್ಲಿ ಆ ಗಿಯರನ್ನು ತಿರುವುಮುರುವು ಮಾಡಿದ್ದ. ಗಡಿಯಾರದಲ್ಲಿ ಎರಡು ಚಲನೆ ಕೂಡಿ ಒಂದಾಗುತ್ತಿತ್ತು. ಇಲ್ಲಿ ಎಂಜಿನ್ನಿನ ಒಂದು ಚಲನೆ ಒಳಹೊಕ್ಕು, ಎರಡಾಗಿ ಒಡೆದು, ಎರಡು ಚಕ್ರಕ್ಕೆ ಹೋಯಿತು. ಕೂಡುವ ಲೆಕ್ಕವನ್ನು ಹಿಂದಿನಿಂದ ಮಾಡಿದಂತಾಯಿತು, ಅಷ್ಟೆ. ಇದು ಇಡೀ ಕತೆಯಲ್ಲೇ ಅತ್ಯಂತ ಜಾಣ ಹೆಜ್ಜೆ ಎಂದು ನನ್ನ ಎಣಿಕೆ. ನಾಲ್ಕು ವರ್ಷದ ಮೇಲೆ, 1832ರಲ್ಲಿ, ಮ್ಯಾಂಚೆಸ್ಟರಿನ ರಿಚರ್ಡ್ ರಾಬರ್ಟ್ಸ್ ಇಂಥದ್ದೇ ಗಿಯರಿಗೆ ಪೇಟೆಂಟ್ ಪಡೆದ. ಆದರೆ ರಸ್ತೆಯ ಆವಿಗಾಡಿ ರೈಲಿನ ಮುಂದೆ ಸೋತಿತು. ಸೋತ ಗಾಡಿಯ ಜತೆ ಅದರ ಗಿಯರೂ ಜನರ ನೆನಪಿನಿಂದ ಜಾರಿತು.

ಹಾಗಾಗಿ ಕವೆಂಟ್ರಿಯ ಜೇಮ್ಸ್ ಸ್ಟಾರ್ಲಿ ಅದನ್ನು ಮತ್ತೊಮ್ಮೆ ಕಂಡುಹಿಡಿಯಬೇಕಾಯಿತು. ಸ್ಟಾರ್ಲಿ ರೈತನ ಮಗ, ತೋಟದ ಮಾಲಿಯಾಗಿದ್ದವನು, ಹೊಲಿಗೆ ಯಂತ್ರ ರಿಪೇರಿಯಿಂದ ಮೇಲೆ ಬಂದು ಸೈಕಲ್ ತಯಾರಿಗೆ ಇಳಿದವನು. ಅವನ ಮುಂದಿದ್ದ ಕಷ್ಟ ತಿರುವಿನದ್ದಲ್ಲ. 1877ರ ಹೊತ್ತಿಗೆ ಅವನು ಅಕ್ಕಪಕ್ಕ ಇಬ್ಬರು ಕೂರುವ ಗಾಡಿ ಮಾಡಿದ್ದ. ಇಬ್ಬರೂ ತಮ್ಮ ತಮ್ಮ ಕಡೆಯ ಚಕ್ರವನ್ನು ತುಳಿಯಬೇಕು. ಮಗ ವಿಲಿಯಂ ಜತೆ ಹೊರಟರೆ ಹರೆಯದ ಮಗನ ಕಾಲಿಗೆ ಅಪ್ಪನ ಕಾಲು ಸಾಟಿಯಾಗಲಿಲ್ಲ. ನೇರ ರಸ್ತೆಯಲ್ಲೂ ಗಾಡಿ ಅಪ್ಪನ ಕಡೆಗೇ ವಾಲಿಕೊಂಡು ಹೋಗಿ, ಕೊನೆಗೆ ಇಬ್ಬರನ್ನೂ ದಾರಿಬದಿಯ ತುರಚಿ ಗಿಡಗಳ ಮೇಲೆ ಕೆಡವಿತಂತೆ. ಅಪ್ಪ ಅಲ್ಲೇ ಕೂತು ಯೋಚಿಸಿ ಉಪಾಯ ಹೊಳೆಯಿಸಿಕೊಂಡ ಎಂಬುದು ಕವೆಂಟ್ರಿಯ ಸೈಕಲ್ ಮಂದಿ ಹೇಳಿಕೊಂಡು ಬಂದ ಕತೆ. ತುರಚಿ ಗಿಡ ನಿಜವೋ ಸುಳ್ಳೋ, ಪೇಟೆಂಟ್ ನಿಜ. ಇಬ್ಬರ ತುಳಿತವನ್ನೂ ಒಟ್ಟು ಸೇರಿಸಿ, ನಡುವೆ ಡಿಫರೆನ್ಷಿಯಲ್ ಇಟ್ಟು, ಎರಡು ಚಕ್ರಕ್ಕೂ ಸಮನಾಗಿ ಹಂಚುವುದು ಅವನ ಉಪಾಯ. ಸಾಲ್ವೊ ಎಂಬ ಅವನ ಗಾಡಿಯನ್ನು ವಿಕ್ಟೋರಿಯಾ ರಾಣಿ ಎರಡು ಕೊಂಡಳು. ಆಮೇಲೆ ಅದು ರಾಯಲ್ ಸಾಲ್ವೊ ಆಯಿತು.

ಪೆಕ್ಯೂರನಿಗೆ ಬೇಕಿದ್ದದ್ದು ವೇಗದಲ್ಲಿ ಸ್ವಾತಂತ್ರ್ಯ, ಸ್ಟಾರ್ಲಿಗೆ ಬೇಕಿದ್ದದ್ದು ಬಲದಲ್ಲಿ ಸಮಪಾಲು. ಒಂದೇ ಗಿಯರು ಎರಡನ್ನೂ ಕೊಡುತ್ತದೆ. ಎರಡು ಆಕ್ಸಲ್ಲುಗಳ ನಡುವೆ ಕೂರುವ ಚಿಕ್ಕ ಗಿಯರನ್ನು, ಅಂದರೆ ಸ್ಟಾರ್ ಗಿಯರನ್ನು, ತಕ್ಕಡಿಯ ದಂಡ ಎಂದುಕೊಳ್ಳಿ. ನಡುವಿನ ಪಿನ್ನು ಅದನ್ನು ಮುಂದಕ್ಕೆ ತಳ್ಳುತ್ತದೆ. ಎರಡು ತುದಿಗಳು ಎರಡು ಆಕ್ಸಲ್ಲುಗಳನ್ನು ತಳ್ಳುತ್ತವೆ. ದಂಡ ಆಚೀಚೆ ವಾಲಬಲ್ಲದು, ಆದರೆ ಎರಡೂ ತುದಿಗೆ ಬೀಳುವ ಭಾರ ಸದಾ ಸಮ.

ಈ ಸಮಪಾಲಿನಲ್ಲೇ ಪೇಚು ಇರುವುದು. ಮಲೆನಾಡಿನ ಮಳೆಗಾಲದಲ್ಲಿ ಲೋಡ್ ಹೊತ್ತ ಪಿಕಪ್ ತೋಟದ ರಸ್ತೆಯ ಕೆಸರಿನಲ್ಲಿ ಹೂತರೆ, ಕೆಸರಿನ ಚಕ್ರಕ್ಕೆ ಹಿಡಿತವಿಲ್ಲ, ಅದನ್ನು ತಿರುಗಿಸಲು ಬಲವೇ ಬೇಡ. ಸಮಪಾಲು ಎಂದ ಮೇಲೆ ಗಟ್ಟಿ ನೆಲದ ಚಕ್ರಕ್ಕೂ ಅಷ್ಟೇ ಸಿಗಬೇಕು, ಅಂದರೆ ಹೆಚ್ಚುಕಡಿಮೆ ಸೊನ್ನೆ. ಒಂದು ಚಕ್ರ ಮಿಸುಕದೆ ನಿಂತಿರುವಾಗ ಇನ್ನೊಂದು ಎರಡು ಪಟ್ಟು ವೇಗದಲ್ಲಿ ಸುತ್ತುತ್ತದೆ. ಮೀಟರು 40 ತೋರಿಸಿದರೆ ಕೆಸರಿನ ಚಕ್ರ 80ರಲ್ಲಿದೆ. ಸಾಮಾನ್ಯವಾಗಿ ಸ್ಟಾರ್ ಗಿಯರುಗಳಿಗೆ ಬೇರಿಂಗ್ ಇರುವುದಿಲ್ಲ. ತಿರುವಿನಲ್ಲಿ ಒಂದಿಷ್ಟು ಹೊರಳಲೆಂದು ಅವನ್ನು ಬರಿಯ ಪಿನ್ನಿನ ಮೇಲೆ ಕೂರಿಸಿರುತ್ತಾರೆ. ಚಾಲಕ ಸಿಟ್ಟಿನಿಂದ ಎಕ್ಸಿಲರೇಟರ್ ಒತ್ತಿ ಹಿಡಿದರೆ ಪಿನ್ನಿನ ಮೇಲಿನ ಎಣ್ಣೆ ಸಿಡಿದು ಹೋಗಿ, ಪಿನ್ನು ಕಾದು ನೀಲಿಗಟ್ಟಿ, ಗಿಯರು ಅದಕ್ಕೇ ಕಚ್ಚಿಕೊಳ್ಳುತ್ತದೆ. ಆಮೇಲೆ ಯಾವುದೋ ಸಾಧಾರಣ ತಿರುವಿನಲ್ಲಿ ಕಟಕ್ ಎಂದು ಮುರಿದು, ಚೂರು ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರಕ್ಕೆ ಸಿಕ್ಕಿ, ಎಲ್ಲವೂ ಪುಡಿ. ಹೂತ ಗಾಡಿಗೆ ಗೋಣಿಚೀಲ, ಕಲ್ಲು ಕೊಡುವ ಹಳ್ಳಿಯ ಬುದ್ಧಿಯೇ ಸರಿ. ಹ್ಯಾಂಡ್‌ಬ್ರೇಕನ್ನು ಅರ್ಧ ಎಳೆದು ಮೆಲ್ಲಗೆ ಚಲಿಸುವುದೂ ಅದೇ ಬುದ್ಧಿ: ಸುತ್ತುವ ಚಕ್ರಕ್ಕೆ ಒಂದಿಷ್ಟು ತಡೆ ಸಿಕ್ಕರೆ, ಅಷ್ಟೇ ಬಲ ಇನ್ನೊಂದಕ್ಕೂ ಸಿಗುತ್ತದೆ.

ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಮೂರು ಚಕ್ರದ ಗಾಡಿಯಲ್ಲೂ ಡಿಫರೆನ್ಷಿಯಲ್ ಇತ್ತು. ಅಲ್ಲಿಂದ ಚಕ್ರಕ್ಕೆ ಚೈನು. ಚೈನು ತೆಗೆದು ಪ್ರೊಪೆಲ್ಲರ್ ಶಾಫ್ಟ್ ಹಾಕಬೇಕೆಂದರೆ ಚಲನೆಯನ್ನು ಲಂಬವಾಗಿ ತಿರುಗಿಸುವ ಓರೆ ಗಿಯರು ಬೇಕು, ಅದನ್ನು ಕರಾರುವಾಕ್ಕಾಗಿ ಕಡೆಯುವ ಯಂತ್ರವೂ ಬೇಕು. ಅದು ಅಮೆರಿಕದ ರಾಚೆಸ್ಟರಿನ ಗ್ಲೀಸನ್ ಕಾರ್ಖಾನೆಯ ಕತೆ. ವಿಲಿಯಂ ಗ್ಲೀಸನ್ 1874ರಲ್ಲಿ ಅಂಥ ಯಂತ್ರ ಮಾಡಿದ. ಮಾರುಕಟ್ಟೆ ಹುಡುಕಿ ಕಾರ್ಖಾನೆಯನ್ನು ಬೆಳೆಸಿದ್ದರಲ್ಲಿ ಮಗಳು ಕೇಟ್ ಗ್ಲೀಸನ್ ಪಾಲು ದೊಡ್ಡದು. ಮೆಕ್ಯಾನಿಕಲ್ ಎಂಜಿನಿಯರುಗಳ ಅಮೆರಿಕನ್ ಸಂಘ 1914ರಲ್ಲಿ ಪೂರ್ಣ ಸದಸ್ಯತ್ವ ಕೊಟ್ಟ ಮೊದಲ ಹೆಂಗಸು ಆಕೆ. 1913ರಲ್ಲಿ ಪ್ಯಾಕಾರ್ಡ್ ಕಾರಿಗೆ ಬಾಗಿದ ಹಲ್ಲಿನ ಕ್ರೌನ್ ಬಂದು ಗದ್ದಲ ತಗ್ಗಿತು. 1920ರ ದಶಕದ ನಡುವೆ ಹೈಪಾಯ್ಡ್ ಬಂತು: ಕ್ರೌನನ್ನು ತಿರುಗಿಸುವ ಚಿಕ್ಕ ಗಿಯರಾದ ಪಿನಿಯನ್ನನ್ನು ಕ್ರೌನಿನ ನಡುಗೆರೆಗಿಂತ ಕೆಳಗಿಳಿಸಿದ್ದರಿಂದ ಶಾಫ್ಟ್ ಇಳಿಯಿತು, ಕಾರಿನ ನೆಲವೂ ಇಳಿಯಿತು.

ಬೆಲೆ ತೆರಬೇಕಾದದ್ದು ಎಣ್ಣೆಯಲ್ಲಿ. ಹೈಪಾಯ್ಡ್ ಹಲ್ಲುಗಳು ಉರುಳುವುದಷ್ಟೇ ಅಲ್ಲ, ಭಾರಿ ಒತ್ತಡದಲ್ಲಿ ಒಂದರ ಮೇಲೊಂದು ಜಾರುತ್ತವೆ. ಸಾದಾ ಎಣ್ಣೆಯ ಪದರ ಹರಿದುಹೋಗುತ್ತದೆ. ಅದಕ್ಕೇ ಗಂಧಕ ಬೆರೆಸಿದ ಜಿಎಲ್-5 ಎಣ್ಣೆ, ಅದಕ್ಕೇ ಆ ವಾಸನೆ. ಗ್ಯಾರೇಜಿನಲ್ಲಿ ಸಿಕ್ಕ ಎಣ್ಣೆ ಸುರಿದು ಗಾಡಿ ಬಿಟ್ಟರೆ ಮೊದಲು ಸೋಲುವುದು ಈ ಹಲ್ಲು.

ಕೆಟ್ಟದ್ದು ಯಾವುದೆಂದು ಮೊದಲು ಹೇಳುವುದು ಕಿವಿ. ಎಳೆಯುವಾಗ ಮಾತ್ರ ಕುಯ್ಯ್ ಎಂದು ರಾಗ ಹಿಡಿದರೆ, ಇಲ್ಲವೇ ಎಕ್ಸಿಲರೇಟರ್ ಬಿಟ್ಟಾಗ ಮಾತ್ರ ಕೂಗಿದರೆ, ಕ್ರೌನ್-ಪಿನಿಯನ್ ಮೇಲೆ ಅನುಮಾನ. ಎರಡೂ ಹೊತ್ತು ಒಂದೇ ಸಮನೆ ಗುರುಗುಟ್ಟಿದರೆ ಬೇರಿಂಗ್. ತಿರುವಿನಲ್ಲಿ ಮಾತ್ರ ಸದ್ದಾದರೆ ಪೆಕ್ಯೂರನ ಭಾಗ, ಸ್ಟಾರ್ ಗಿಯರುಗಳು. ಕ್ರೌನು ಹೋದರೆ ಪಿನಿಯನ್ನೂ ಹೋಯಿತೆಂದೇ ಲೆಕ್ಕ; ಕಾರ್ಖಾನೆಯಲ್ಲಿ ಎರಡನ್ನೂ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿರುತ್ತಾರೆ, ಎರಡರ ಮೇಲೂ ಒಂದೇ ನಂಬರ್ ಕೆತ್ತಿರುತ್ತಾರೆ. ಒಂದನ್ನು ಮಾತ್ರ ಬದಲಿಸಿ ದುಡ್ಡು ಉಳಿಸಿದವರು ಆ ರಾಗವನ್ನು ಕೇಳುತ್ತಲೇ ಓಡಾಡುತ್ತಾರೆ. ಹೊಸ ಸೆಟ್ ಕೂರಿಸಿದ ಮೇಲೆ ಡಯಲ್ ಗೇಜ್ ಇಟ್ಟು ಹಲ್ಲುಗಳ ನಡುವಿನ ಪ್ಲೇ ನೋಡಬೇಕು, ಹಲವು ಗಾಡಿಗಳಲ್ಲಿ 0.13ರಿಂದ 0.20 ಮಿ.ಮೀ. ಹಲ್ಲಿಗೆ ನೀಲಿ ಬಳಿದು ತಿರುಗಿಸಿದರೆ ಮಚ್ಚೆ ಹಲ್ಲಿನ ನಡುಮೈಯಲ್ಲಿ ಮೂಡಬೇಕು. ಬುಡಕ್ಕೋ ತುದಿಗೋ ಸರಿದಿದ್ದರೆ ಶಿಮ್ ಎಂಬ ತೆಳು ಬಿಲ್ಲೆ ಬದಲಿಸಿ ಮತ್ತೆ ಮೊದಲಿನಿಂದ. ಅವಸರದ ಗ್ಯಾರೇಜುಗಳು ಬಿಟ್ಟುಬಿಡುವುದು ಇದನ್ನೇ. ಅಂಥ ಕಡೆ ಸೆಟ್ ಹಾಕಿಸುವುದಕ್ಕಿಂತ, ಅಪಘಾತದಲ್ಲಿ ಮುಂಭಾಗ ಜಖಂಗೊಂಡ ಅದೇ ಮಾಡೆಲ್ಲಿನ ಗಾಡಿಯಿಂದ ಇಡೀ ಹೌಸಿಂಗನ್ನೇ ತಂದು ಕೂರಿಸುವುದು ಮೇಲು. ಹಲ್ಲಿನ ಅನುಪಾತ ಒಂದೇ ಇದೆಯೇ ಎಂದು ಎಣಿಸಿ ನೋಡಿದರೆ ಸಾಕು. ಪುಡಿಯಾದ ಹಳೆಯದನ್ನೇ ಕಟ್ಟುವುದಾದರೆ ಆಕ್ಸಲ್ ಕೊಳವೆಯ ಕೊನೆಯವರೆಗೂ ಡೀಸೆಲ್ ಹಾಕಿ ತೊಳೆಯಬೇಕು. ಮೂಲೆಯಲ್ಲಿ ಉಳಿದ ಒಂದು ಚೂರು ಎಣ್ಣೆಯ ಜತೆ ಸುತ್ತಿ ಬಂದು ಹೊಸ ಬೇರಿಂಗನ್ನು ತಿಂದುಹಾಕುತ್ತದೆ.