ಸರ್ಪಸುತ್ತು ಬೇರೆ, ಜನನಾಂಗದ ಹರ್ಪಿಸ್ ಬೇರೆ

ವೈದ್ಯರ ಚೀಟಿಯಲ್ಲಿ ‘ಹರ್ಪಿಸ್ ಜೋಸ್ಟರ್’ ಎಂದು ಬರೆದಿದ್ದರೆ ಕೆಲವರು ಮೊದಲ ಪದವನ್ನಷ್ಟೇ ಓದಿ ಗಾಬರಿಯಾಗುತ್ತಾರೆ. ಗಂಡ ಹೆಂಡತಿಯನ್ನು, ಹೆಂಡತಿ ಗಂಡನನ್ನು ಅನುಮಾನಿಸುವುದೂ ಉಂಟು. ಈ ಅನುಮಾನಕ್ಕೆ ಆಧಾರವೇ ಇಲ್ಲ.

ಹರ್ಪಿಸ್ ಜೋಸ್ಟರ್ ಎಂದರೆ ನಮ್ಮ ಸರ್ಪಸುತ್ತು. ಸೇಲಂ, ಧರ್ಮಪುರಿ ಕಡೆಯ ತಮಿಳರು ಇದನ್ನು ‘ಅಕ್ಕಿ’ ಎನ್ನುತ್ತಾರೆ (ಊಟದ ಅಕ್ಕಿಗೂ ಇದಕ್ಕೂ ಸಂಬಂಧವಿಲ್ಲ). ಚಿಕ್ಕಂದಿನಲ್ಲಿ ‘ಅಮ್ಮ’, ಅಂದರೆ ಚಿಕನ್‌ಪಾಕ್ಸ್ ಬಂದು ಹೋದವರ ನರಗಳ ಬುಡದಲ್ಲಿ ಆ ವೈರಸ್ ಮಲಗಿರುತ್ತದೆ. ಐವತ್ತು ದಾಟಿದ ಮೇಲೆ ಅಥವಾ ರೋಗನಿರೋಧಕ ಶಕ್ತಿ ಕುಂದಿದಾಗ ಅದು ಮತ್ತೆ ಏಳುತ್ತದೆ. ಮೊದಲು ಉರಿ, ನೋವು. ಎರಡು ಮೂರು ದಿನಗಳಲ್ಲಿ ಬೆನ್ನು, ಎದೆ, ಸೊಂಟ ಅಥವಾ ಮುಖದ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ನೀರುಗುಳ್ಳೆಗಳು. ಸಾಮಾನ್ಯವಾಗಿ ಜೀವನದಲ್ಲಿ ಒಮ್ಮೆ ಬರುತ್ತದೆ. ಗುಳ್ಳೆಯ ನೀರು ತಗುಲಿದರೆ ಚಿಕನ್‌ಪಾಕ್ಸ್ ಆಗದವರಿಗೆ ಚಿಕನ್‌ಪಾಕ್ಸ್ ಬರಬಹುದು, ಸರ್ಪಸುತ್ತು ಅಲ್ಲ. ಹಾವಿನ ತಲೆ ಬಾಲ ಕೂಡಿದರೆ ಸಾವು ಎಂಬ ಮಾತು ಸುಳ್ಳು. ಒಂದು ನರದ ದಾರಿಯಲ್ಲೇ ಏಳುವ ಗುಳ್ಳೆ ಸಾಧಾರಣವಾಗಿ ಮೈಯ ನಡುಗೆರೆ ದಾಟುವುದೇ ಇಲ್ಲ.

ಜನನಾಂಗದ ಹರ್ಪಿಸ್‌ಗೆ ಕಾರಣ ಬೇರೆ ವೈರಸ್: ಹರ್ಪಿಸ್ ಸಿಂಪ್ಲೆಕ್ಸ್, ಹೆಚ್ಚಾಗಿ ಎರಡನೆಯ ಬಗೆ, ಕೆಲವೊಮ್ಮೆ ಬಾಯಿಹುಣ್ಣಿನ ಒಂದನೆಯ ಬಗೆ. ಇದು ಲೈಂಗಿಕ ಸಂಪರ್ಕದಿಂದ ಹರಡುತ್ತದೆ, ಹುಣ್ಣು ಕಾಣದಿದ್ದಾಗಲೂ. ಅದೇ ಜಾಗದಲ್ಲಿ ಮತ್ತೆ ಮತ್ತೆ ಮರುಕಳಿಸುವುದು ಇದರ ಗುರುತು. ಆದರೂ ಎಷ್ಟೋ ವರ್ಷ ಸುಮ್ಮನಿದ್ದು ಕಾಣಿಸಿಕೊಳ್ಳಬಹುದಾದ್ದರಿಂದ, ಈಗ ಗುಳ್ಳೆ ಬಂತೆಂದು ಈಗಿನ ಸಂಗಾತಿಯನ್ನು ದೂರುವುದು ಸರಿಯಲ್ಲ. ಹೆರಿಗೆಯ ಹೊತ್ತಿನಲ್ಲಿ ಮಗುವಿಗೆ ತಗುಲುವ ಅಪಾಯ ಇರುವುದರಿಂದ ಗರ್ಭಿಣಿಯರು ವೈದ್ಯರಿಗೆ ಮುಚ್ಚಿಡಬಾರದು.

ಗೊಂದಲವಾಗುವುದು ಪೃಷ್ಠ, ತೊಡೆಸಂದಿನಲ್ಲಿ ಗುಳ್ಳೆ ಎದ್ದಾಗ. ಅಲ್ಲಿ ಎರಡೂ ಬರಬಹುದು. ಗುಳ್ಳೆಯ ದ್ರವದ ಪಿಸಿಆರ್ ಪರೀಕ್ಷೆ ಬೇರ್ಪಡಿಸಿ ಹೇಳುತ್ತದೆ.

ಎರಡಕ್ಕೂ ಔಷಧಿ ಅಸೈಕ್ಲೋವಿರ್ ಎಂಬುದು ಇನ್ನೊಂದು ಗೊಂದಲ. ಆದರೆ ಸರ್ಪಸುತ್ತಿಗೆ ಪ್ರಮಾಣ ಬಹಳ ಹೆಚ್ಚು, ಪಕ್ಕದ ಮನೆಯವರ ಮಾತ್ರೆ ನುಂಗಿದರೆ ಆಗದು. ಗುಳ್ಳೆ ಕಂಡ 72 ಗಂಟೆಯೊಳಗೆ ಶುರುಮಾಡಬೇಕು. ಕುಂಬಾರರ ಬಳಿ ಕಾವಿಮಣ್ಣಿನ ಚಿತ್ರ ಬರೆಸಿಕೊಂಡವರಿಗೂ ಗುಳ್ಳೆ ಕೆಲವು ವಾರಗಳಲ್ಲಿ ಒಣಗುತ್ತದೆ, ಹೇಗೂ ಒಣಗುವಂಥದ್ದೇ. ಅಷ್ಟರಲ್ಲಿ ಈ ಮೂರು ದಿನ ಕಳೆದುಹೋಗುತ್ತವೆ. ವಯಸ್ಸಾದವರಲ್ಲಿ ನರನೋವು ತಿಂಗಳುಗಟ್ಟಲೆ ಉಳಿಯಬಹುದು. ಹಣೆ, ಮೂಗಿನ ತುದಿಯಲ್ಲಿ ಗುಳ್ಳೆ ಬಂದರೆ ಕಣ್ಣಿಗೇ ಅಪಾಯ, ಅಂದೇ ತೋರಿಸಬೇಕು.

ಸರ್ಪಸುತ್ತಿಗೆ 50 ದಾಟಿದವರಿಗಾಗಿ ಶಿಂಗ್ರಿಕ್ಸ್ ಲಸಿಕೆ 2023ರಲ್ಲಿ ಭಾರತಕ್ಕೆ ಬಂತು, ಬೆಲೆ ಮಾತ್ರ ದುಬಾರಿ. ಜನನಾಂಗದ ಹರ್ಪಿಸ್‌ಗೆ ಲಸಿಕೆ ಇಲ್ಲ. ಚಿಕ್ಕ ವಯಸ್ಸಿನವರಿಗೆ ಸರ್ಪಸುತ್ತು ಬಂದರೆ ವೈದ್ಯರು ಎಚ್‌ಐವಿ ಪರೀಕ್ಷೆ ಸೂಚಿಸಬಹುದು. ಅದು ನಡತೆಯ ಮೇಲಿನ ಸಂಶಯವಲ್ಲ, ನಿರೋಧಕ ಶಕ್ತಿ ಕುಂದಿದೆಯೇ ಎಂಬ ತಪಾಸಣೆ. ಸೇಲಂನ ಮೋಹನ್ ಕುಮಾರಮಂಗಲಂ ವೈದ್ಯಕೀಯ ಕಾಲೇಜು ಆಸ್ಪತ್ರೆ, ಧರ್ಮಪುರಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ಉಚಿತ, ಫಲಿತಾಂಶ ಗೋಪ್ಯ. ಫೋನಿನಲ್ಲಿ ಕೇಳುವುದಾದರೆ ಉಚಿತ ಸಹಾಯವಾಣಿ 1097.